ಸ್ಮೂತ್ನಿಂಗ್ ಮಾಡಿಸಿದ ಮೇಲೆ ತಿಳಿದದ್ದು

ಗುಂಗುರು ಕೂದಲಿನ ಹೆಣ್ಣುಮಕ್ಕಳಿಗೆ ಮದುವೆ ಮನೆಗಳಲ್ಲಿ ಪುಕ್ಕಟೆ ಸಿಗುವ ಸಲಹೆ ಒಂದೇ: ‘ಒಂದ್ಸಲ ಸ್ಮೂತ್ನಿಂಗ್ ಮಾಡಿಸ್ಕೋಬಾರ್ದೇನೇ?’ ನಾನೂ ಬೆಂಗಳೂರಿನ ಒಂದು ಪಾರ್ಲರಿನಲ್ಲಿ ಮಾಡಿಸಿಕೊಂಡೆ. ಮೊದಮೊದಲು ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸಿಕ್ಕು ಬಿಡಿಸುವ ರಗಳೆ ತಪ್ಪಿತು. ತೊಂದರೆ ಶುರುವಾದದ್ದು ಬುಡದಲ್ಲಿ ಹೊಸ ಕೂದಲು ಬಂದಾಗ.

ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಕೆಲವು ತಿಂಗಳಲ್ಲೇ ಬೈತಲೆಯಿಂದ ನಾಲ್ಕು ಬೆರಳಿನಷ್ಟು ಗುಂಗುರು, ಅಲ್ಲಿಂದ ಕೆಳಗೆ ಕಡ್ಡಿಯಂಥ ನೇರ. ‘ಟಚಪ್ ಮಾಡಿದ್ರೆ ಸರಿಹೋಗುತ್ತೆ ಮೇಡಂ’ ಅಂದರು. ಬುಡಕ್ಕಷ್ಟೇ ಹಚ್ಚಬೇಕಾದ ಕ್ರೀಮು ಹಳೆಯ ಭಾಗಕ್ಕೂ ಇಳಿಯಿತು. ಆಮೇಲೆ ತಲೆ ಬಾಚಿದಾಗಲೆಲ್ಲ ಬಾಚಣಿಗೆಯಲ್ಲಿ ಗಿಡ್ಡ ಗಿಡ್ಡ ತುಂಡುಗಳು. ಚರ್ಮದ ಡಾಕ್ಟರು ಅವನ್ನು ಬಿಳಿ ಹಾಳೆಯ ಮೇಲೆ ಹರಡಿ ತೋರಿಸಿದರು. ಬೇರುಸಹಿತ ಉದುರಿದ ಕೂದಲಿನ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇರುತ್ತದೆ. ನನ್ನ ತುಂಡುಗಳಿಗೆ ಅದಿರಲಿಲ್ಲ. ಅವು ಉದುರಿದ್ದಲ್ಲ, ಮುರಿದದ್ದು. ಮುರಿದದ್ದೂ ಬಹುಪಾಲು ಗುಂಗುರು ಮುಗಿದು ನೇರ ಶುರುವಾಗುವ ಆ ಗಡಿಯಲ್ಲೇ.

ಅವರು ವಿವರಿಸಿದ ಮೇಲೆ ಕಾರಣ ಅರ್ಥವಾಯಿತು. ಕೂದಲಿನ ಕೆರಾಟಿನ್ ಎಳೆಗಳನ್ನು ಗಂಧಕದ ಬಂಧಗಳು ಹಿಡಿದಿಟ್ಟಿರುತ್ತವೆ. ಸ್ಮೂತ್ನಿಂಗ್ ಕ್ರೀಮಿನಲ್ಲಿರುವ ಅಮೋನಿಯಂ ಥಯೋಗ್ಲೈಕೊಲೇಟ್ ಆ ಬಂಧಗಳನ್ನು ಬಿಚ್ಚುತ್ತದೆ. ಬಿಸಿ ಇಸ್ತ್ರಿ ಕೂದಲನ್ನು ನೇರ ಮಾಡುತ್ತದೆ, ನ್ಯೂಟ್ರಲೈಸರ್ ಬಿಚ್ಚಿದ್ದನ್ನು ಮತ್ತೆ ಕಟ್ಟುತ್ತದೆ. ಬಿಚ್ಚಿದ್ದೆಲ್ಲ ಮತ್ತೆ ಕಟ್ಟಿಕೊಳ್ಳುವುದಿಲ್ಲ ಎಂಬುದೇ ತಕರಾರು. ಅದೇ ಕೂದಲಿಗೆ ಎರಡನೇ ಸಲ ಕ್ರೀಮು ಬಿದ್ದರೆ ಉಳಿದ ಬಲವೂ ಹೋಗುತ್ತದೆ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಆದ್ದರಿಂದ ಅದು ಗಾಯದ ಹಾಗೆ ಮಾಯುವುದಿಲ್ಲ. ಸೀರಮ್ಮು, ಹೇರ್ ಸ್ಪಾ, ಅಮ್ಮ ಊರಿಂದ ಕಳಿಸಿದ ಕೊಬ್ಬರಿ ಎಣ್ಣೆ, ಎಲ್ಲವೂ ನುಣುಪು ಕೊಟ್ಟವು. ಮುರಿಯುವುದು ನಿಂತದ್ದು ಆ ಭಾಗವನ್ನು ಕತ್ತರಿಸಿ ಹಾಕಿದ ಮೇಲೆ.

‘ಹಾಗಾದ್ರೆ ಕೆರಾಟಿನ್ ಮಾಡಿಸಿ, ಬರೀ ಪ್ರೋಟೀನು’ ಎಂಬ ಮಾತು ಬಂದೇ ಬರುತ್ತದೆ. ಹೆಸರು ಪ್ರೋಟೀನಿನದು, ಕೆಲಸ ಮಾಡುವುದು ಬೇರೆಯೇ. ಇಂಥ ಎಷ್ಟೋ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಮೆಥಿಲೀನ್ ಗ್ಲೈಕಾಲ್ ಎಂಬ ಹೆಸರಿನಲ್ಲಿ ಅದೇ ಇರುತ್ತದೆ. ಸುಮಾರು 230 ಡಿಗ್ರಿಯ ಇಸ್ತ್ರಿ ಎಳೆದಾಗ ಕಣ್ಣು ಉರಿಸುವ ಹೊಗೆ ಅದರದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದ ಬಾಟಲಿಗಳಲ್ಲಿ ಅದರ ಜಾಗಕ್ಕೆ ಹೆಚ್ಚಾಗಿ ಗ್ಲೈಆಕ್ಸಿಲಿಕ್ ಆಸಿಡ್ ಬಂದಿದೆ. ಕೂದಲು ನೇರ ಮಾಡಿಸಿಕೊಂಡ ಮೇಲೆ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದ 26 ರೋಗಿಗಳ ವಿವರವನ್ನು ಇಸ್ರೇಲಿನ ವೈದ್ಯರು 2023ರಲ್ಲಿ ಪ್ರಕಟಿಸಿದರು. ಅವರ ಶಂಕೆ ಈ ಬಗೆಯ ಆಸಿಡ್‌ಗಳ ಮೇಲೆಯೇ. ಕೂದಲಿನ ಮಾತು ಬಿಡಿ, ಇದು ಒಳಗಿನ ಅಂಗದ ಮಾತು.

ನನ್ನ ತಲೆಗಿಂತ ಹೆಚ್ಚು ನೆನಪಾಗುವುದು ಇಸ್ತ್ರಿ ಎಳೆಯುತ್ತಿದ್ದ ಹುಡುಗಿ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಟ್ಟೆ ಮಾಸ್ಕ್ ಹಾಕಿಕೊಂಡು ಮಧ್ಯೆ ಮಧ್ಯೆ ಕೆಮ್ಮುತ್ತಿದ್ದಳು. ಬಟ್ಟೆ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ನಮಗೆ ವರ್ಷಕ್ಕೊಮ್ಮೆಯ ಹೊಗೆ ಅವಳಿಗೆ ದಿನದ ಊಟ. ಆ ಕೋಣೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸದ ಮಾಲೀಕರನ್ನು ಯಾವ ಕಾರಣಕ್ಕೂ ಸಮರ್ಥಿಸಲಾರೆ.

ಮಾಡಿಸಲೇಬೇಕು ಅನ್ನುವವರು ಕುರ್ಚಿಯಲ್ಲಿ ಕೂರುವ ಮೊದಲು ಬಾಟಲಿ ಕೇಳಿ ಪಡೆದು ಓದಿ. ಕಿವಿಯ ಹಿಂದಿನ ಒಂದು ಎಳೆಯ ಮೇಲೆ ಮೊದಲು ಪರೀಕ್ಷಿಸಲು ಹೇಳಿ. ಈಗಾಗಲೇ ಬ್ಲೀಚ್ ಮಾಡಿಸಿದ್ದರೆ ಬೇಡವೇ ಬೇಡ. ಬಾಟಲಿ ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.