ಹಳೆಯ ಡಿಬಿ ಬೋರ್ಡ್: ಬಹರೈನ್‌ನ ಬಾಡಿಗೆದಾರರು ತಿಳಿದಿರಬೇಕಾದ ಹಕ್ಕು ಮತ್ತು ಕ್ರಮ

ಮನಾಮಾ, ಗುದೈಬಿಯಾ, ಹೂರಾ, ಮುಹರ್ರಕ್‌ಗಳ ಹಳೆಯ ಕಟ್ಟಡಗಳಲ್ಲಿ ಮನೆಯೊಳಗಿನ ಡಿಬಿ ಬೋರ್ಡ್, ಅಂದರೆ ವಿದ್ಯುತ್ ಹಂಚುವ ಪೆಟ್ಟಿಗೆ, ಅನೇಕ ಕಡೆ ಕಟ್ಟಡದಷ್ಟೇ ಹಳೆಯದು. ಅದನ್ನು ಕೂರಿಸಿದ ಕಾಲಕ್ಕೆ ಒಂದೋ ಎರಡೋ ಕಿಟಕಿ ಎಸಿಗಳ ಲೆಕ್ಕವಿತ್ತು. ಈಗ ಕೋಣೆಗೊಂದು ಎಸಿ, ಅದರ ಜೊತೆಗೆ ಗೀಸರ್, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಹಗಲಿರುಳು ಓಡುವುದರಿಂದ ಹಳೆಯ ವೈರು, ಸಡಿಲವಾದ ಟರ್ಮಿನಲ್‌ಗಳಿಗೆ ತಣಿಯಲು ಸಮಯವೇ ಸಿಗುವುದಿಲ್ಲ.

ಅಪಾಯದ ಗುರುತುಗಳನ್ನು ಮುಚ್ಚಳ ತೆಗೆಯದೆಯೇ ಕಾಣಬಹುದು. ಮುಟ್ಟಿದರೆ ಬೋರ್ಡ್ ಬಿಸಿಯಾಗಿರುವುದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಚಿರಿಚಿರಿ ಸದ್ದು, ಎಸಿ ಚಾಲೂ ಆದಾಗ ದೀಪ ಮಂಕಾಗುವುದು, ಬ್ರೇಕರ್ ಪದೇಪದೇ ಟ್ರಿಪ್ ಆಗುವುದು, ಮರದ ಹಲಗೆಯ ಮೇಲೆ ಪಿಂಗಾಣಿ ಫ್ಯೂಸ್‌ಗಳಿರುವುದು. ಫ್ಯೂಸ್ ಸ್ವತಃ ಕೆಟ್ಟ ಸಾಧನವಲ್ಲ. ಆದರೆ ಅದು ಹೋದಾಗಲೆಲ್ಲ ಯಾರೋ ದಪ್ಪ ತಂತಿ ಸುತ್ತಿಟ್ಟಿರುತ್ತಾರೆ. ಆಮೇಲೆ ಫ್ಯೂಸ್ ಉಳಿದು ಗೋಡೆಯೊಳಗಿನ ವೈರು ಸುಡುತ್ತದೆ.

ಎಂಸಿಬಿ ಎಂಬ ಬ್ರೇಕರ್ ಇದ್ದ ಮಾತ್ರಕ್ಕೆ ಬೋರ್ಡ್ ಸುರಕ್ಷಿತವೆನ್ನಲಾಗದು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಮೈಯಲ್ಲಿ ಹರಿದರೂ ಪ್ರಾಣ ಹೋಗಬಹುದು. 20 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗದು. 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ, ಅದರಲ್ಲೂ ಬಚ್ಚಲಲ್ಲಿ ಗೀಸರ್ ಇರುವಲ್ಲಿ, ಬೋರ್ಡ್ ಬದಲಿಸಲು ಬೇರೆ ಕಾರಣ ಬೇಕಿಲ್ಲ.

ವೈರಿನ ಬಣ್ಣದಲ್ಲೂ ಒಂದು ಬಲೆ ಇದೆ. ಇಲ್ಲಿನ ಹಳೆಯ ಮನೆಗಳಲ್ಲಿ ಕಾಣುವ ಹಿಂದಿನ ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗಳಾದರೆ ಕಪ್ಪು ನ್ಯೂಟ್ರಲ್. 2004ರಲ್ಲಿ ಬ್ರಿಟನ್ ಅದನ್ನು ಬದಲಿಸಿತು: ಕಂದು, ಕಪ್ಪು, ಬೂದು ಫೇಸ್‌ಗಳು, ನೀಲಿ ನ್ಯೂಟ್ರಲ್. ಹಳೆಯ ಬೋರ್ಡಿಗೆ ಹೊಸ ವೈರು ಸೇರಿಸಿದ ಮನೆಯಲ್ಲಿ ಕಪ್ಪು ವೈರು ಒಂದೆಡೆ ನ್ಯೂಟ್ರಲ್, ಇನ್ನೊಂದೆಡೆ 230 ವೋಲ್ಟ್ ಹೊತ್ತ ಫೇಸ್ ಆಗಿರಬಹುದು. ಬಣ್ಣ ನಂಬಿ ಕೈಹಾಕುವುದು ಜೀವಕ್ಕೆ ಅಪಾಯ.

ಬಾಡಿಗೆ ಮನೆಯ ಸಂಬಂಧವನ್ನು ನಿಯಂತ್ರಿಸುವುದು 2014ರ 27ನೇ ಸಂಖ್ಯೆಯ ಬಾಡಿಗೆ ಕಾನೂನು. ಮನೆಯನ್ನು ವಾಸಕ್ಕೆ ಯೋಗ್ಯವಾಗಿಡುವ ದೊಡ್ಡ ದುರಸ್ತಿ ಮಾಲೀಕನ ಹೊಣೆ. ಬಲ್ಬು, ಪ್ಲಗ್ಗಿನಂಥ ಸಣ್ಣಪುಟ್ಟದ್ದು ಸಾಮಾನ್ಯವಾಗಿ ಬಾಡಿಗೆದಾರನದು. ಡಿಬಿ ಬೋರ್ಡ್ ಮೊದಲ ಸಾಲಿಗೆ ಸೇರುತ್ತದೆ. ಆದರೂ ಕರಾರಿನಲ್ಲಿ 'ನಿರ್ವಹಣೆ' ಎಂಬ ಷರತ್ತು ಯಾರ ತಲೆಗೆ ಬಿದ್ದಿದೆ ಎಂಬುದನ್ನು ಸಹಿಗೆ ಮುಂಚೆಯೇ ಓದಬೇಕು. ಅರಬ್ಬಿ ಓದಲು ಬಾರದವರು ಅನುವಾದ ಮಾಡಿಸಿಕೊಳ್ಳುವುದಕ್ಕೆ ಹಿಂಜರಿಯಬೇಕಿಲ್ಲ. ಕರಾರು ಲಿಖಿತವಾಗಿದ್ದು ನೋಂದಣಿಯಾಗಿರಬೇಕು. ಬಾಯಿಮಾತಿನ ಒಪ್ಪಂದ ನಂಬಿ ಹೋದವರಿಗೆ ತಕರಾರಿನ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ.

ದೋಷ ಕಂಡ ದಿನವೇ ಮಾಲೀಕನಿಗೆ ಬರಹದಲ್ಲಿ ತಿಳಿಸಬೇಕು. ವಾಚ್‌ಮನ್‌ಗೆ ಹೇಳಿದ್ದು ನೋಟಿಸ್ ಆಗದು. ಬೋರ್ಡಿನ ಫೋಟೊ, ದಿನಾಂಕ, ಆದ ತೊಂದರೆ, ದುರಸ್ತಿಗೆ ಕೊಟ್ಟ ಗಡುವು ಇಷ್ಟು ಅದರಲ್ಲಿರಲಿ. ಉತ್ತರ ಬಾರದಿದ್ದರೆ ಅದೇ ಕಾನೂನಿನಡಿಯ ಬಾಡಿಗೆ ವ್ಯಾಜ್ಯ ಸಮಿತಿಯ ಮುಂದೆ ಹೋಗಬಹುದು. ಸಿಟ್ಟಿನಿಂದ ಬಾಡಿಗೆ ನಿಲ್ಲಿಸುವುದು ಮಾತ್ರ ಬೇಡ. ಬಾಕಿ ಬಾಡಿಗೆಯೇ ತೆರವಿಗೆ ಕಾರಣವಾಗಿ ನ್ಯಾಯವಾದ ದೂರೂ ಸೋಲುತ್ತದೆ. ಭಾರತೀಯ ರಾಯಭಾರ ಕಚೇರಿಗೆ ಬಾಡಿಗೆ ವ್ಯಾಜ್ಯ ತೀರ್ಮಾನಿಸುವ ಅಧಿಕಾರವಿಲ್ಲ, ಆದರೆ ಅದರ ಓಪನ್ ಹೌಸ್ ಎಂಬ ಅಹವಾಲು ಸಭೆಯಲ್ಲಿ ವಕೀಲರ ಸಲಹೆ ಸಿಗುತ್ತದೆ.

ಬದಲಿಸುವ ಕೆಲಸ ಯಾರು ಮಾಡಬೇಕೆಂಬುದೂ ಕಾನೂನಿನ ಪ್ರಶ್ನೆಯೇ. ಮೀಟರ್ ಮತ್ತು ಅದರ ಸೀಲು ವಿದ್ಯುತ್ ಮತ್ತು ನೀರು ಪ್ರಾಧಿಕಾರಕ್ಕೆ, ಅಂದರೆ ಇಡಬ್ಲ್ಯೂಎಗೆ ಸೇರಿದ್ದು; ಸೀಲು ಒಡೆಯುವುದು ಅಪರಾಧ. ಮೀಟರಿನಿಂದ ಈಚೆಗಿನ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು, ಲೋಡ್ ಹೆಚ್ಚಿಸುವುದಾದರೆ ಅವರ ಮೂಲಕ ಪ್ರಾಧಿಕಾರಕ್ಕೆ ಅರ್ಜಿ ಹೋಗಬೇಕು. ನಮ್ಮೂರಿನ ಪರಿಚಯದ ಹುಡುಗ ಶುಕ್ರವಾರ ರಜೆಯಲ್ಲಿ ಬಂದು ಅಗ್ಗದಲ್ಲಿ ಮಾಡಿಕೊಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ 2006ರ 19ನೇ ಸಂಖ್ಯೆಯ ಕಾರ್ಮಿಕ ಮಾರುಕಟ್ಟೆ ಕಾನೂನಿನಡಿ ಕೆಲಸದ ಪರವಾನಗಿಯಿಲ್ಲದೆ ದುಡಿಯುವುದೂ ದುಡಿಸಿಕೊಳ್ಳುವುದೂ ತಪ್ಪು. ಅನಾಹುತವಾದರೆ ಆ ಹುಡುಗನ ಬದುಕೇ ಮೊದಲು ಹಾಳಾಗುತ್ತದೆ.

ಕಂಪನಿ ಕೊಟ್ಟ ವಸತಿಯಲ್ಲಿ ಇರುವವರ ಹಾದಿ ಬೇರೆ. ಅಲ್ಲಿ ಹೊಣೆ ಉದ್ಯೋಗದಾತನದು, ದೂರು ಕಾರ್ಮಿಕ ಸಚಿವಾಲಯಕ್ಕೆ. ಒಂದೇ ಫ್ಲ್ಯಾಟಿಗೆ ಪ್ಲೈವುಡ್ ಗೋಡೆ ಎಬ್ಬಿಸಿ ಹತ್ತಾರು ಜನ ಮಲಗುವ ಕಡೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಮೂರು ಎಸಿ ಓಡಿಸುವುದುಂಟು. ಅಂಥಲ್ಲಿ ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ, ಮೊದಲು ಲೋಡ್ ಇಳಿಸಬೇಕು. ಹೊಗೆ ಅಥವಾ ಕಿಡಿ ಕಂಡರೆ ಕಾಗದಪತ್ರಕ್ಕೆ ಕಾಯುವಂತಿಲ್ಲ. ಮುಖ್ಯ ಸ್ವಿಚ್ ತಲುಪಲು ಸಾಧ್ಯವಿದ್ದರೆ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ 999ಕ್ಕೆ ಕರೆ ಮಾಡಬೇಕು; ವಿದ್ಯುತ್ತಿನ ಬೆಂಕಿಗೆ ನೀರು ಸುರಿಯಬಾರದು.

ಕೆಲಸ ಮುಗಿದ ದಿನ ಗುತ್ತಿಗೆದಾರನಿಂದ ಬಿಲ್ಲು, ಪರೀಕ್ಷಾ ವರದಿ ಪಡೆಯಬೇಕು. ಅರ್ಥಿಂಗ್ ಅಳತೆ ಮತ್ತು ಇನ್ಸುಲೇಷನ್ ಪರೀಕ್ಷೆ ಅದರಲ್ಲಿ ದಾಖಲಾಗಿರಬೇಕು. ಪ್ರತಿ ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದೆಂಬ ಚೀಟಿ ಅಂಟಿರಲಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಗುತ್ತಿಗೆದಾರನ ಎದುರೇ ಒತ್ತಿ ನೋಡಬೇಕು, ಮುಂದೆ ಕೆಲವು ತಿಂಗಳಿಗೊಮ್ಮೆ ಒತ್ತುತ್ತಿರಬೇಕು. ಒತ್ತಿದಾಗ ಬೀಳದಿದ್ದರೆ ಆ ಸಾಧನವನ್ನು ತಡಮಾಡದೆ ಬದಲಿಸಬೇಕು.