ನಿಮ್ಮ ಹೊಂಡದ ಮೀನು ದೇಶದ ಲೆಕ್ಕಕ್ಕೆ ಬರುತ್ತಾ?

ಬಾದಾಮಿ ಭಾಗದಾಗ ಕೃಷಿ ಹೊಂಡ ಇದ್ದವರು ಮೀನು ಸಾಕೋ ಬಗ್ಗೆ ಕೇಳ್ತಿರ್ತೀರಿ. ನನ್ನ ಹೊಂಡದ ನೀರು ಬದನೆ, ಮೆಣಸಿನಗಿಡಕ್ಕೆ. ಕಾಟ್ಲಾ, ರೋಹು ಮೇಲಿನ ಲಾಭ. ಆದ್ರ ಅದರ ಲೆಕ್ಕ ಇಡೋರು ಕಡಿಮೆ.

ಮಲಪ್ರಭಾ ಹೊಳೆಯಲ್ಲಿ ಬಲೆ ಬೀಸಿ ತಂದದ್ದು 'ಹಿಡಿದ ಮೀನು'. ಮರಿ ಬಿಟ್ಟು, ಮೇವು ಹಾಕಿ, ಕಾಯ್ದು ಬೆಳೆಸಿದ್ದು 'ಸಾಕಿದ ಮೀನು'. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇವೆರಡನ್ನೂ ಬೇರೆ ಬೇರೆ ಎಣಿಸುತ್ತದೆ. ಮೀನು, ಸಿಗಡಿಯಂಥ ಜಲಚರಗಳಲ್ಲಿ ಸಾಕಿದ್ದರ ಪ್ರಮಾಣ 2022ರಲ್ಲಿ ಜಗತ್ತಿನಲ್ಲೇ ಮೊದಲ ಸಲ ಹಿಡಿದದ್ದನ್ನು ಮೀರಿತು.

ಲೆಕ್ಕ ತಪ್ಪೋದು ಮರಿಯ ಹಂತದಲ್ಲೇ. 1000 ಮರಿ ಬಿಟ್ಟೆ, ತಲಾ ಒಂದು ಕಿಲೋ ಅಂತ ಹೇಳಿ 1000 ಕಿಲೋ ಬರೆಸಿದರೆ ಅದು ಬರೀ ಕಾಗದದ ಮೀನು. ಅರ್ಧ ಸತ್ತು, ಉಳಿದವು ಮುಕ್ಕಾಲು ಕಿಲೋ ತೂಗಿದರೆ ಸಿಗೋದು 375 ಕಿಲೋ ಅಷ್ಟೇ. ಅದಕ್ಕೇ ಮರಿ ಬಿಟ್ಟ ದಿನ, ಜಾತಿ, ಸಂಖ್ಯೆ, ಸತ್ತದ್ದು, ಹಾಕಿದ ಮೇವು ಎಲ್ಲಾ ಮೊಬೈಲ್‌ನಾಗ ಬರೆದಿಡಿ. ತಿಂಗಳಿಗೊಮ್ಮೆ ಇಪ್ಪತ್ತು ಮೀನು ಹಿಡಿದು ತೂಗಿ, ಸರಾಸರಿ ತೆಗೆದು, ನೀರಿಗೆ ಬಿಡಿ. ಮನೆಯಲ್ಲಿ ತಿಂದದ್ದು, ಬೀಗರಿಗೆ ಕೊಟ್ಟದ್ದೂ ಉತ್ಪಾದನೆಯೇ, ಮರೀಬ್ಯಾಡ್ರಿ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆ ಶುರು ಮಾಡಿತು. ಸಾಕಣೆದಾರರೂ ಅಲ್ಲಿ ಹೆಸರು ನೋಂದಾಯಿಸಬಹುದು. ಸಾಲ, ವಿಮೆ ಸೌಲಭ್ಯಗಳನ್ನೂ ಅದಕ್ಕೇ ಜೋಡಿಸಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದು ಮೀನು ಸತ್ತರೆ 'ಎಷ್ಟು ಬಿಟ್ಟಿದ್ರಿ?' ಅಂತ ಕೇಳಿದಾಗ ಬಾಯಿಮಾತು ಸಾಕಾಗಲ್ಲ. ಮರಿ ಕೊಂಡ ದಿನವೇ ರಸೀದಿಯ ಫೋಟೊ ತೆಗೆದು, ಹೊಂಡದ ಉದ್ದ, ಅಗಲ, ಆಳದ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.