ಹಳೆ ಹಾರ್ನಿಗೆ ಹೊಸ ದನಿ: ಮೈಕ್ ಸೆಟ್ ನಡೆಸುವವರಿಗೆ ಒಂಬತ್ತು ಸೂತ್ರಗಳು

ರಾಯಚೂರು, ದೇವದುರ್ಗ, ಮಾನ್ವಿಯ ಹಳೆ ಮೈಕ್ ಸೆಟ್ ಅಂಗಡಿಗಳ ಅಟ್ಟದಲ್ಲಿ ಅಪ್ಪನ ಕಾಲದ ಅಲ್ಯೂಮಿನಿಯಂ ಹಾರ್ನ್‌ಗಳು ಇನ್ನೂ ಇವೆ. ಮಕ್ಕಳು ದೊಡ್ಡ ಬಾಕ್ಸ್, ಡಿಜೆ ಎಂದು ಹೊರಳಿದ ಮೇಲೆ ಅವನ್ನು ಕೇಳುವವರಿಲ್ಲ. ಆದರೆ ಶ್ರಾವಣದಲ್ಲಿ ಮಠದ ಪುರಾಣ, ನೀರಮಾನ್ವಿ ಯಲ್ಲಮ್ಮನ ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಸುದ್ದಿ, ದೇವಸೂಗೂರಿನ ತೇರಿನ ದಿನ ಪೊಲೀಸರ ಸೂಚನೆ, ರಾತ್ರಿ ಬಯಲಾಟದ ಸಾರಥಿಯ ಮಾತು, ಇವೆಲ್ಲ ದೂರದವರೆಗೆ ಅಕ್ಷರ ಅಕ್ಷರವಾಗಿ ಮುಟ್ಟಬೇಕು. ಆ ಕೆಲಸಕ್ಕೆ ಹಾರ್ನಿಗಿಂತ ಮೇಲಾದದ್ದು ಇಂದಿಗೂ ಇಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1926ರಲ್ಲಿ ಟಾಕೀಸುಗಳಿಗಾಗಿ 555 ಎಂಬ ಯೂನಿಟ್ ತಂದಿತು. ಸಣ್ಣ ಡಯಾಫ್ರಂ, ಬಿಗಿಯಾದ ಗಂಟಲು, ಅಗಲವಾಗುತ್ತಾ ಹೋಗುವ ಬಾಯಿ. ನಿಮ್ಮ ಅಟ್ಟದ ಮೇಲಿರುವ ಹಾರ್ನಿನ ಒಳಗೂ ಅದೇ ತತ್ವವಿದೆ. ತತ್ವ ಹಳತಾಗಿಲ್ಲ, ಬಿಡಿಭಾಗಗಳು ಸವೆದಿವೆ. ಯಾವುದನ್ನು ಮೊದಲು ಬದಲಿಸಬೇಕು, ಯಾವುದಕ್ಕೆ ದುಡ್ಡು ಹಾಕಬಾರದು ಎಂಬುದು ಗೊತ್ತಿದ್ದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸೆಟ್ ನಿಮ್ಮದಾಗುತ್ತದೆ.

1. ಮೊದಲು ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ.

ಹಾರ್ನಿಗೆ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ತಂತಿ ಬಿಡಿಸಿ, ಯೂನಿಟ್ಟಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 16 ಓಮ್ ಯೂನಿಟ್ ಸುಮಾರು 11ರಿಂದ 13 ತೋರಿಸುತ್ತದೆ, 8 ಓಮ್‌ನದು ಸುಮಾರು ಐದೂವರೆಯಿಂದ ಆರೂವರೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಕಾಯಿಲ್ ಸರಿಯಿದ್ದರೆ ಮೊಬೈಲಿನ ಟೋನ್ ಆ್ಯಪ್‌ನಿಂದ 400 ಹರ್ಟ್ಜ್‌ನಿಂದ 6,000ದವರೆಗೆ ಸಣ್ಣ ದನಿಯಲ್ಲಿ ನಿಧಾನ ಏರಿಸಿ ಕೇಳಿ. ನಡುವೆ ಎಲ್ಲಾದರೂ ‘ಜರ್’ ಎಂದರೆ ಕಾಯಿಲ್ ಉಜ್ಜುತ್ತಿದೆ ಅಥವಾ ಒಳಗೆ ಕಸ ಸೇರಿದೆ. ಪ್ರತಿ ಹಾರ್ನಿಗೆ ಬಣ್ಣದಲ್ಲಿ ನಂಬರ್ ಬರೆದು, ಅದರ ಲೆಕ್ಕವನ್ನು ಒಂದು ನೋಟ್‌ಬುಕ್‌ನಲ್ಲಿಡಿ.

2. ಮೊದಲ ಖರ್ಚು ಡಯಾಫ್ರಂ ಮೇಲೆ.

ಇಡೀ ಯೂನಿಟ್ ಬದಲಿಸುವ ಅಗತ್ಯ ಬಹಳ ಸಲ ಇರುವುದೇ ಇಲ್ಲ. ಹಿಂದಿನ ಮುಚ್ಚಳದ ತಿರುಪು ಬಿಚ್ಚಿ ಡಯಾಫ್ರಂ ಮೇಲೆತ್ತಿ ನೋಡಿ. ಅಯಸ್ಕಾಂತದ ನಡುವೆ ಉಂಗುರದಂತಹ ಒಂದು ಸಂದು ಕಾಣುತ್ತದೆ, ಉಗುರೂ ಹೋಗದಷ್ಟು ಕಿರಿದು. ನಮ್ಮ ಕಡೆಯ ಹಾರ್ನ್‌ಗಳಲ್ಲಿ ಆ ಸಂದಿಯ ಅಂಚಿಗೆ ಎರೆಮಣ್ಣಿನ ಧೂಳು, ಅದರೊಳಗೆ ಕಬ್ಬಿಣದ ಕರಿ ಪುಡಿ ಅಂಟಿರುತ್ತದೆ. ಏರ್ ಹೊಡೆದರೆ ಕಬ್ಬಿಣದ ಪುಡಿ ಹೊರಬರುವುದಿಲ್ಲ, ಅಯಸ್ಕಾಂತ ಬಿಡುವುದಿಲ್ಲ. ದಪ್ಪ ಕಾಗದದ ಪಟ್ಟಿಗೆ ಎರಡೂ ಕಡೆ ಅಂಟು ಹೊರಗಿರುವಂತೆ ಮಾಸ್ಕಿಂಗ್ ಟೇಪ್ ಸುತ್ತಿ, ಸಂದಿಯಲ್ಲಿ ಇಳಿಸಿ ಸುತ್ತಲೂ ಆಡಿಸಿ. ಟೇಪ್ ಬೆಳ್ಳಗೆ ಹೊರಬರುವವರೆಗೆ ಹೊಸ ಹೊಸ ಪಟ್ಟಿ ಹಾಕುತ್ತಿರಿ. ವೆಲ್ಡಿಂಗ್ ಅಂಗಡಿಯ ಪಕ್ಕ, ಕಬ್ಬಿಣದ ಟೇಬಲ್ ಮೇಲೆ ಈ ಕೆಲಸ ಮಾಡಲೇಬೇಡಿ, ಇನ್ನಷ್ಟು ಪುಡಿ ಎಳೆದುಕೊಳ್ಳುತ್ತದೆ. ಹೊಸ ಡಯಾಫ್ರಂ ಅದೇ ಮಾಡೆಲಿನದಾಗಿರಲಿ. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಟೋನ್ ಕೇಳಿಸಿಕೊಳ್ಳುತ್ತಾ ಕೂಡಿಸಿ.

ಫೀನಾಲಿಕ್ ಡಯಾಫ್ರಂ ಗಟ್ಟಿ ಜೀವ. ಹತ್ತು ತಾಸು ಒರಲಿದರೂ ತಡೆಯುತ್ತದೆ, ಆದರೆ ಬಹಳ ಸಣ್ಣ ನಾದದವರೆಗೆ ಏರುವುದಿಲ್ಲ. ಟೈಟಾನಿಯಂ ಮೇಲಕ್ಕೆ ಚೆನ್ನಾಗಿ ಏರುತ್ತದೆ, ಆದರೆ ತಪ್ಪಿ ಬೇಸ್ ಬಿದ್ದರೆ ಬಿರಿಯುತ್ತದೆ. ಜಾತ್ರೆ, ಉರುಸು, ಪ್ರಚಾರದ ಗಾಡಿಗೆ ಫೀನಾಲಿಕ್. ಕಲ್ಯಾಣ ಮಂಟಪದ ಸಂಗೀತಕ್ಕೆ ಮಾತ್ರ ಟೈಟಾನಿಯಂ.

3. ಯೂನಿಟ್ಟನ್ನೇ ಬದಲಿಸುವುದಾದರೆ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ ಕೇಳಿ.

ಅಂಗಡಿಯವರು ಮೊದಲು ಹೇಳುವುದು ವ್ಯಾಟ್. ನೀವು ಕೇಳಬೇಕಾದದ್ದು ಒಂದು ವ್ಯಾಟ್‌ಗೆ ಒಂದು ಮೀಟರಿನಲ್ಲಿ ಎಷ್ಟು ಡೆಸಿಬೆಲ್ ಎಂದು. 108 ಡೆಸಿಬೆಲ್‌ನ ಯೂನಿಟ್ 50 ವ್ಯಾಟ್‌ನಲ್ಲಿ ಕೊಡುವ ದನಿಯನ್ನು 105ರ ಯೂನಿಟ್ ಕೊಡಲು 100 ವ್ಯಾಟ್ ಬೇಕು. ಜನರೇಟರ್ ಮೇಲೆ ನಡೆಯುವ ಹಳ್ಳಿಯ ಕಾರ್ಯಕ್ರಮದಲ್ಲಿ ಈ ವ್ಯತ್ಯಾಸ ಡೀಸೆಲ್ಲಿನಲ್ಲೇ ಕಾಣುತ್ತದೆ. ಕುತ್ತಿಗೆಯ ಅಳತೆಯನ್ನೂ ನೋಡಿ. ಒಂದು ಇಂಚಿನ ತಿರುಪು ಯೂನಿಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಮರೆ 1⅜ ಇಂಚು, ಇಂಚಿಗೆ 18 ಸುತ್ತು. ಹಳೆ ಯೂನಿಟ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಕ್ಷೇಮ. ಕೂಡಿಸುವಾಗ ರಬ್ಬರ್ ವಾಷರ್ ಹೊಸದಿರಲಿ. ಅಲ್ಲಿ ಗಾಳಿ ಸೋರಿದರೆ ದನಿಯೂ ಸೋರುತ್ತದೆ.

4. ಹಾರ್ನಿಗೆ ಬೇಸ್ ಬಿಡಬೇಡಿ.

ಯೂನಿಟ್‌ಗಳು ಸುಡುವುದಕ್ಕೆ ದೊಡ್ಡ ಕಾರಣ ಇದು. ಹಾರ್ನಿನ ಬಾಯಿ ಎಷ್ಟು ಅಗಲವೋ ಅಷ್ಟು ಕೆಳಗಿನ ನಾದ ಅದು ಹೊರಗೆ ಕೊಡಬಲ್ಲದು. ಸುಮಾರು 36 ಸೆಂಟಿಮೀಟರ್ ಬಾಯಿ ಇದ್ದರೆ 300 ಹರ್ಟ್ಜ್ ಆಸುಪಾಸಿಗೆ ಅದರ ಕೆಲಸ ಮುಗಿಯಿತು. ಅದಕ್ಕಿಂತ ಕೆಳಗಿನ ಮದ್ದಳೆಯ ಪೆಟ್ಟು, ಮೈಕಿಗೆ ಬಡಿಯುವ ಗಾಳಿ, ಡಯಾಫ್ರಂ ಅನ್ನು ಸುಮ್ಮನೆ ಹೊಡೆದಾಡಿಸುತ್ತವೆಯೇ ಹೊರತು ಹೊರಗೆ ದನಿಯಾಗುವುದಿಲ್ಲ. ಮಿಕ್ಸರಿನಲ್ಲಿ ಲೋ ಕಟ್ ಒತ್ತಿ, ಈಕ್ವಲೈಸರ್‌ನಲ್ಲಿ 300ರ ಕೆಳಗಿನದನ್ನೆಲ್ಲ ಇಳಿಸಿ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಯೂನಿಟ್ಟಿಗೆ ಸರಣಿಯಲ್ಲಿ 50 ಮೈಕ್ರೋಫ್ಯಾರಡ್ ನಾನ್ ಪೋಲಾರ್ ಕೆಪಾಸಿಟರ್ ಹಾಕಿದರೆ ಸುಮಾರು 400 ಹರ್ಟ್ಜ್‌ನಿಂದ ಕೆಳಗೆ ತಡೆ ಬೀಳುತ್ತದೆ. 16 ಓಮ್‌ನದಕ್ಕೆ 25 ಸಾಕು. ಟ್ರಾನ್ಸ್‌ಫಾರ್ಮರ್ ಇರುವ ಹಾರ್ನಿಗೆ ಈ ತಡೆಯನ್ನು ಆಂಪ್ಲಿಫೈಯರಿಗಿಂತ ಮೊದಲೇ ಹಾಕಬೇಕು, ಇಲ್ಲದಿದ್ದರೆ ಬೇಸ್ ಟ್ರಾನ್ಸ್‌ಫಾರ್ಮರಿನ ಉಸಿರನ್ನೂ ಕಟ್ಟಿಸುತ್ತದೆ.

5. ಕ್ರಾಸ್‌ಓವರ್ ಹಳತಾದರೆ ಕೆಪಾಸಿಟರ್ ಬದಲಿಸಿ, ಕಾಯಿಲ್ ಮುಟ್ಟಬೇಡಿ.

ಹಳೆ ಟಾಕೀಸಿನಿಂದಲೋ ನಾಟಕ ಕಂಪನಿಯಿಂದಲೋ ಬಂದ ದೊಡ್ಡ ಬಾಕ್ಸ್ ನಿಮ್ಮಲ್ಲಿದ್ದರೆ, ಕೆಳಗೆ 15 ಇಂಚಿನ ಕೋನ್, ಮೇಲೆ ಹಾರ್ನ್, ಒಳಗೆ ಕ್ರಾಸ್‌ಓವರ್ ಇರುತ್ತದೆ. ಆಲ್ಟೆಕ್ ಕಂಪನಿ 1945ರಲ್ಲಿ ತಂದ ‘ವಾಯ್ಸ್ ಆಫ್ ದಿ ಥಿಯೇಟರ್’ ಸಾಲಿನ ಬಾಕ್ಸ್‌ಗಳ ದಾರಿಯೇ ಅದು. ನಮ್ಮ ಬೇಸಿಗೆಯಲ್ಲಿ ತಗಡಿನ ಗೋದಾಮಿನೊಳಗೆ ವರ್ಷಗಟ್ಟಲೆ ಬಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, 250 ವೋಲ್ಟಿನದು. ಹಾಕಿದ ಮೇಲೆ ಹಾರ್ನ್ ತುಸು ಚುಚ್ಚುತ್ತದೆ ಎನಿಸಿದರೆ ಸರಣಿಯಲ್ಲಿ ಅರ್ಧ ಓಮ್ ರೆಸಿಸ್ಟರ್ ಕೂಡಿಸಿ. ಹಳೆ ಕೆಪಾಸಿಟರಿನ ಒಳಗೇ ಅಷ್ಟು ತಡೆ ಇತ್ತು, ಬಾಕ್ಸನ್ನು ಅದಕ್ಕೆ ತಕ್ಕಂತೆಯೇ ಹೊಂದಿಸಿದ್ದರು. ತಾಮ್ರದ ಕಾಯಿಲ್ ಸುಡದ ಹೊರತು ಕೆಡುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಇನ್ನು ಹೊಂದಾಣಿಕೆ. ಕೋನ್ 97 ಡೆಸಿಬೆಲ್, ಹಾರ್ನ್ 107 ಎಂದಿಟ್ಟುಕೊಳ್ಳಿ. ತಡೆ ಇಲ್ಲದೆ ಬಿಟ್ಟರೆ ಹಾರ್ನ್ ಅರಚುತ್ತದೆ, ಕೋನ್ ಸತ್ತಂತಿರುತ್ತದೆ. 8 ಓಮ್ ಹಾರ್ನಿಗೆ 10 ಡೆಸಿಬೆಲ್ ಇಳಿಸಬೇಕಾದರೆ ಸರಣಿಯಲ್ಲಿ ಸುಮಾರು 5.5 ಓಮ್, ಹಾರ್ನಿಗೆ ಅಡ್ಡಲಾಗಿ ಸುಮಾರು 3.7 ಓಮ್. ಎರಡೂ 20 ವ್ಯಾಟಿನವು, ಮರಕ್ಕೆ ತಾಗದಂತೆ ಕೂಡಿಸಿ, ಬಿಸಿಯಾಗುತ್ತವೆ. ಹೊಸ ಯೂನಿಟ್ಟಿನ ಓಮ್ ಹಳೆಯದಕ್ಕಿಂತ ಬೇರೆಯಾದರೆ ಹಳೆ ಕ್ರಾಸ್‌ಓವರ್ ತಪ್ಪು ಜಾಗದಲ್ಲಿ ಕಡಿಯುತ್ತದೆ. 8 ಓಮ್‌ಗೆ ಮಾಡಿದ ಕೆಪಾಸಿಟರಿಗೆ 16 ಓಮ್ ಯೂನಿಟ್ ಕಟ್ಟಿದರೆ ಕಡಿತ ಅರ್ಧಕ್ಕೆ ಇಳಿದು, ಯೂನಿಟ್ಟಿಗೆ ಬೇಸ್ ನುಗ್ಗುತ್ತದೆ. ಯೂನಿಟ್ ಹೊಸದು, ವಾರದಲ್ಲೇ ಹೋಯಿತು ಎಂಬ ದೂರಿಗೆ ಎಷ್ಟೋ ಸಲ ಇದೇ ಮೂಲ.

6. ಹಾರ್ನಿನ ಬಾಯಿ ಸ್ವಚ್ಛವಿರಲಿ.

ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು ಇದೆಯೇ ನೋಡಿ. ತಗ್ಗು ಬಿದ್ದಿದ್ದರೆ ಮರದ ಕೊಡತಿಯಿಂದ ತಟ್ಟಿ ತೆಗೆಯಿರಿ. ಬೆರಳಿನಿಂದ ಬಾರಿಸಿದಾಗ ಗಂಟೆಯಂತೆ ಗುಂಯ್ ಎಂದರೆ ಹೊರಮೈಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ.

7. ವೈರಿನಲ್ಲಿ ಕಂಜೂಸಿತನ ಬೇಡ.

ಎರಡೂವರೆ ಚದರ ಮಿಲಿಮೀಟರ್ ತಾಮ್ರದ ಜೋಡಿ ವೈರನ್ನು 100 ಮೀಟರ್ ಎಳೆದರೆ ಹೋಗಿ ಬರುವ ದಾರಿಗೆ ಸುಮಾರು ಒಂದೂವರೆ ಓಮ್. ನೇರ 8 ಓಮ್ ಹಾರ್ನಿಗೆ ಕಟ್ಟಿದರೆ ನೂರರಲ್ಲಿ ಸುಮಾರು 29 ಪಾಲು ಶಕ್ತಿ ಹಾರ್ನಿಗೆ ಸಿಗುವುದೇ ಇಲ್ಲ. ಅದೇ ವೈರಿನಲ್ಲಿ 100 ವೋಲ್ಟ್ ಲೈನ್ ಮಾಡಿ 200 ವ್ಯಾಟ್ ಹಾರ್ನ್ ನಡೆಸಿದರೆ ನಷ್ಟ ಸುಮಾರು ಆರು ಪಾಲು ಮಾತ್ರ. ದೂರಕ್ಕೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಎಲ್ಲ ಹಾರ್ನ್‌ಗಳ ಟ್ಯಾಪ್ ವ್ಯಾಟ್ ಕೂಡಿಸಿ. 250 ವ್ಯಾಟಿನ ಆಂಪ್ಲಿಫೈಯರಿಗೆ ಆ ಮೊತ್ತ 200 ದಾಟದಿರಲಿ. ಆಂಪ್ಲಿಫೈಯರಿನ ಕೆಂಪು ದೀಪ ಹೊತ್ತಿದರೆ ತಕ್ಷಣ ಗೇನ್ ಇಳಿಸಿ.

8. ಪ್ಲಸ್ ಮೈನಸ್ ಮತ್ತು ಜಾಗ.

ಒಂದೇ ಕಂಬದ ಎರಡು ಹಾರ್ನ್‌ಗಳಲ್ಲಿ ಒಂದರ ತಂತಿ ಉಲ್ಟಾ ಆದರೆ ನಡುವೆ ನಿಂತವರಿಗೆ ದನಿ ತೆಳ್ಳಗಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಮಾತು ಕೇಳಿಸಿ, ಒಂದರ ತಂತಿ ಅದಲುಬದಲು ಮಾಡಿ. ಯಾವುದರಲ್ಲಿ ದನಿ ತುಂಬಿ ಬರುತ್ತದೋ ಅದು ಸರಿ, ಆಗಿನ ಪ್ಲಸ್ ತುದಿಗೆ ಕೆಂಪು ಬಣ್ಣ ಬಳಿಯಿರಿ. ಬಯಲಿನ ಉದ್ದಕ್ಕೂ ಹಾರ್ನ್ ಕಟ್ಟುತ್ತಾ ಹೋಗುವ ಅಭ್ಯಾಸ ಬಿಡಿ. 70 ಮೀಟರ್ ಅಂತರದ ಎರಡು ಹಾರ್ನ್‌ಗಳ ಮಾತು ಕಿವಿಗೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹಿಂದೆ ಮುಂದೆ ಬಂದು ಒಂದರ ಮೇಲೊಂದು ಬೀಳುತ್ತದೆ. ಪುರಾಣ ಹೇಳುವ ಸ್ವಾಮಿಗಳ ಒಂದು ಪದವೂ ಆಗ ಹಿಂದಿನ ಸಾಲಿಗೆ ತಿಳಿಯದು. ವೇದಿಕೆಯ ಹತ್ತಿರ ಎತ್ತರದ ಒಂದೇ ಕಂಬ ನಿಲ್ಲಿಸಿ, ಹಾರ್ನ್‌ಗಳನ್ನು ಜನರ ಕಡೆ ತುಸು ಬಗ್ಗಿಸಿ. ದೂರದ ಹಾರ್ನ್ ಬೇಕೇ ಬೇಕೆಂದರೆ ಡಿಜಿಟಲ್ ಮಿಕ್ಸರಿನಲ್ಲಿ ಅದಕ್ಕೆ ಡಿಲೇ ಕೊಡಿ.

9. ಕಾನೂನು ತಿಳಿದಿರಲಿ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಹಚ್ಚುವಂತಿಲ್ಲ. ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ಕಟ್ಟುವ ಮೊದಲು ವಿಚಾರಿಸಿ. ಹಗಲಿನಲ್ಲಿ ವಸತಿ ಪ್ರದೇಶದ ಮಿತಿ 55 ಡೆಸಿಬೆಲ್. ಹಾರ್ನ್ ಚೆನ್ನಾಗಿ ರಿಪೇರಿಯಾಗಿದ್ದರೆ ಕಡಿಮೆ ದನಿಯಲ್ಲೇ ಮಾತು ತಿಳಿಯುತ್ತದೆ. ಬಾಣಂತಿ, ರೋಗಿ, ಪರೀಕ್ಷೆಗೆ ಓದುವ ಮಕ್ಕಳು ಇರುವ ಓಣಿಯಲ್ಲಿ ಕೆಲಸ ಮಾಡುವವರು ನಾವು, ಆ ಲೆಕ್ಕ ಮೊದಲು ನಮ್ಮ ಕೈಯಲ್ಲೇ ಇರಬೇಕು.

ಈ ಸಲದ ಸೀಜನ್ ಶುರುವಾಗುವ ಮೊದಲು ಅಟ್ಟದಿಂದ ಎರಡು ಹಾರ್ನ್ ಇಳಿಸಿ, ಮೇಲಿನ ಕ್ರಮದಲ್ಲೇ ನೋಡಿ. ಗುಜರಿಗೆ ಕಿಲೋ ಲೆಕ್ಕದಲ್ಲಿ ಕೊಡುವ ವಿಚಾರವನ್ನು ಅಲ್ಲಿಯವರೆಗೆ ದಯವಿಟ್ಟು ತಡೆಹಿಡಿಯಿರಿ.